ಕಾಲಡಿಯ ಫರಸಿ, ಗೋಡೆಯ ಚಿತ್ರ

ಹಳೆಯ ಮನೆಯೊಂದರ ಪಡಸಾಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಕಾಲಡಿಯಲ್ಲಿ ತಣ್ಣನೆಯ ಶಹಾಬಾದಿ ಫರಸಿ. ಗೋಡೆಯಲ್ಲಿ ದೇವರ ಬಣ್ಣದ ಕ್ಯಾಲೆಂಡರು. ಇವೆರಡೂ ಒಂದೇ ಜಿಲ್ಲೆಯ ಕೊಡುಗೆಯಾಗಿದ್ದಿರಬಹುದು! ಫರಸಿಯು ಶಹಾಬಾದ, ಚಿತ್ತಾಪುರ, ಸೇಡಂಗಳ ಗಣಿಯದು. ಚಿತ್ರವು 1916ರಲ್ಲಿ ಕಲಬುರಗಿಯಲ್ಲಿ ಜನಿಸಿದ ಎಸ್. ಎಂ. ಪಂಡಿತರದು.

ಆದರೂ ಈ ಸೀಮೆಯ ಹುಡುಗನೊಬ್ಬನು ಪಿಯುಸಿ ಮುಗಿಸಿ, ತಾನು ಡಿಸೈನ್ ಓದುವೆನೆಂದರೆ ಮನೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಚಿತ್ರ ಬರೆದು ಹೊಟ್ಟೆ ತುಂಬೀತೆ? ವಾಡಿಯಲ್ಲಿಯೂ ಸೇಡಂನಲ್ಲಿಯೂ ಸಿಮೆಂಟಿನ ಕಾರ್ಖಾನೆಗಳಿವೆ. ಐಟಿಐ ಮಾಡಿದರೆ ತಿಂಗಳ ಸಂಬಳದ ಆಸೆಯಾದರೂ ಉಂಟು. ತಂದೆತಾಯಿಗಳ ಅಂಜಿಕೆ ಹುರುಳಿಲ್ಲದ್ದಲ್ಲ.

ಪಂಡಿತರ ಬಾಳನ್ನೇ ನೋಡೋಣ. ಅವರದು ಲೋಹದ ಕುಸುರಿಕೆಲಸದ ಮನೆತನ. ಊರಿನಲ್ಲಿ ಶಂಕರರಾವ್ ಆಳಂದಕರರು ಗುರುಗಳಾಗಿ ದೊರೆತರು. ಮುಂದೆ ಮುಂಬಯಿಯಲ್ಲಿ ಕನ್ನಡಿಗರೇ ಆದ ದಂಡಾವತಿಮಠರ ನೂತನ ಕಲಾಮಂದಿರ, ಆಮೇಲೆ ಜೆ. ಜೆ. ಕಲಾಶಾಲೆ. ಕಲಿತ ವಿದ್ಯೆಗೆ ಅನ್ನವಿತ್ತದ್ದು ಸಿನೆಮಾ ಜಾಹೀರಾತು, 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟ, ಕ್ಯಾಲೆಂಡರು. ಅನ್ವಯಿಕ ಕಲೆಯೆಂದರೆ ಇದೇ: ಕೆಲಸ ಕೊಟ್ಟವನ ಅಗತ್ಯ, ಒಪ್ಪಿಸಬೇಕಾದ ದಿನ, ಅಚ್ಚುಯಂತ್ರದ ಮಿತಿ, ಇವಿಷ್ಟರೊಳಗೆ ಚಿತ್ರವನ್ನು ನಿಲ್ಲಿಸುವ ಜಾಣ್ಮೆ. ಕ್ಯಾಲೆಂಡರಿನ ಕಲೆಯೆಂದು ಮೂಗುಮುರಿದ ಪಂಡಿತೋತ್ತಮರೂ ಇದ್ದರೆನ್ನಿ! ಲಕ್ಷಾಂತರ ಗೃಹಿಣಿಯರು ಮಾತ್ರ ಆ ಚಿತ್ರಗಳಿಗೆ ಚೌಕಟ್ಟು ಹಾಕಿಸಿ ಪೂಜಿಸಿದರು. 1993ರಲ್ಲಿ ನಿಧನರಾದ ಅವರ ಹೆಸರನ್ನು ಕಲಬುರಗಿಯ ರಂಗಮಂದಿರವು ಹೊತ್ತುನಿಂತಿದೆ.

ಈ ನೆಲಕ್ಕೆ ಇಂಥ ಕಲೆ ಹೊಸದೂ ಅಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾನದಿಯ ದಡದ ಕನಗನಹಳ್ಳಿಯಲ್ಲಿ, 1990ರ ದಶಕದ ಉತ್ಖನನವು ಸುಮಾರು 2,000 ವರ್ಷಗಳ ಹಿಂದಿನ ಬೌದ್ಧ ಸ್ತೂಪವನ್ನು ಬೆಳಕಿಗೆ ತಂದಿತು. ಸುಣ್ಣಕಲ್ಲಿನ ಒಂದು ಫಲಕದ ಮೇಲೆ ರಾಜನೊಬ್ಬನು ರಾಣಿಯೊಡನೆ ನಿಂತಿದ್ದಾನೆ. ಜೊತೆಗೆ ಬ್ರಾಹ್ಮೀ ಲಿಪಿಯಲ್ಲಿ 'ರಾಯೋ ಅಸೋಕೋ', ಅಶೋಕರಾಜ, ಎಂಬ ಬರೆಹ. ಚಿತ್ರಕ್ಕೆ ಎಷ್ಟು ಜಾಗ, ಅಕ್ಷರಕ್ಕೆ ಎಷ್ಟು, ನೋಡುವವನ ಕಣ್ಣು ಮೊದಲು ಎತ್ತ ಹೋದೀತು ಎಂಬುದನ್ನು ಆ ಹೆಸರಿಲ್ಲದ ಶಿಲ್ಪಿ ಯೋಚಿಸಿಯೇ ಉಳಿ ಹಿಡಿದಿರಬೇಕು. ಇಂದು ಕಂಪ್ಯೂಟರಿನ ಮುಂದೆ ಕುಳಿತ ವಿದ್ಯಾರ್ಥಿಗೂ ಮೊದಲ ಪಾಠ ಅದೇ.

ಕಲಬುರಗಿಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯಗಳಿವೆ. ಆದರೆ ಪೂರ್ಣ ಪದವಿಗೆ ವರ್ಷಗಳು ಬೇಕು, ಹಣವೂ ಬೇಕು. ಊರಿಗೆ ಹತ್ತಿರವಾಗಿ, ಕಡಿಮೆ ಶುಲ್ಕದಲ್ಲಿ, ಸ್ಥಳೀಯ ಕಸುಬಿಗೆ ಹೊಂದಿಕೊಂಡು ಕಲಿಸುವ 'ಸಮುದಾಯ ಕಾಲೇಜು' ಎಂಬ ಏರ್ಪಾಡು ಅಮೆರಿಕದಲ್ಲಿ ಬೆಳೆದದ್ದು. ನಮ್ಮ ದೇಶದಲ್ಲಿ ಪುದುಚೇರಿ ವಿಶ್ವವಿದ್ಯಾಲಯವು 1995ರಲ್ಲಿ ಅದಕ್ಕೆ ನಾಂದಿ ಹಾಡಿತು. ಫರಸಿಯ ಊರಿಗೆ ಅನ್ವಯಿಕ ಕಲೆಯ ಇಂಥ ತರಗತಿ ಒಪ್ಪುವಷ್ಟು ಬೇರೆಲ್ಲಿಯೂ ಒಪ್ಪಲಾರದು. ಟೈಲ್ಸಿನ ಹಾವಳಿಯಲ್ಲಿ ಸಾದಾ ಫರಸಿಗೆ ಗಿರಾಕಿ ಕಡಿಮೆ. ಅದೇ ಕಲ್ಲನ್ನು ಬಳ್ಳಿಯ ಅಂಚಿನ ಚೌಕಗಳಾಗಿ, ನಾಮಫಲಕವಾಗಿ, ತೋಟದ ಪೀಠವಾಗಿ ರೂಪಿಸಬಲ್ಲವನು ಬೇರೆ ಬೆಲೆ ಕೇಳಬಹುದು. ಪಾಲಿಶ್ ಅಂಗಳವೇ ಅವನ ಪ್ರಯೋಗಶಾಲೆ.

ಹೆಣ್ಣುಮಕ್ಕಳ ಮಾತು ಇನ್ನೂ ಮುಖ್ಯ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳಿಗೆ ರೈಲಾದರೂ ಇದೆ. ಚಿಂಚೋಳಿಗೆ ಅದೂ ಇಲ್ಲ. ಅಲ್ಲಿಯ ಹುಡುಗಿ ಚಿತ್ರಪುಸ್ತಕ ಹಿಡಿದು ಕಲಬುರಗಿಗೆ ಹೊರಡಬೇಕಾದರೆ ಬೆಳಗಿನ ಬಸ್ಸನ್ನು ಹಿಡಿಯಬೇಕು, ಇಲ್ಲವೇ ಹಾಸ್ಟೆಲು ಸೇರಬೇಕು. ಮನೆಯವರು ಎರಡಕ್ಕೂ ಒಪ್ಪದಿದ್ದಲ್ಲಿ ಅವಳ ರೇಖೆ ಅಂಗಳದ ರಂಗೋಲಿಯಲ್ಲಿಯೇ ಉಳಿಯುತ್ತದೆ.