ದಂಡಿಗಾನಹಳ್ಳಿ ಕೆರೆಯಲ್ಲಿ ತೇಲಿದ ಆಂಟೆನಾ

ರೇಡಿಯೊ ದೂರದರ್ಶಕವನ್ನು ಯಾರಾದರೂ ಕೆರೆಗೆ ಇಳಿಸುತ್ತಾರೆಯೇ? ಅಲೀಪುರದ ಪಿಯುಸಿ ಹುಡುಗನೊಬ್ಬನಿಗೆ ಹುಟ್ಟಿದ ಅನುಮಾನ ಇದು. ವಿಜ್ಞಾನದ ಹೊಸ ಸುದ್ದಿ ಏನೇ ಬರಲಿ, ಅವನ ಫೋನಿನಲ್ಲಿ ಇರುತ್ತದೆ. ಜೇಮ್ಸ್ ವೆಬ್ ದೂರದರ್ಶಕ ತೆಗೆದ ಗೆಲಾಕ್ಸಿಗಳ ಚಿತ್ರಗಳಂತೂ ರಾಶಿ ಬಿದ್ದಿವೆ. ಆದರೆ ಮೊದಲ ನಕ್ಷತ್ರಗಳ ಸುಳಿವನ್ನು ತನ್ನದೇ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲಿ ಹುಡುಕಿದ್ದರೆಂದರೆ ನಂಬಲೊಲ್ಲ.

ಈ ಸೀಮೆಗೆ ರೇಡಿಯೊ ಖಗೋಳ ಹೊಸದೇನಲ್ಲ. ಗೌರಿಬಿದನೂರಿನ ಬಳಿ 1976ರಿಂದ ಸಾವಿರ ಡೈಪೋಲ್ ಆಂಟೆನಾಗಳ ಸಾಲು ಆಕಾಶಕ್ಕೆ ಕಿವಿಗೊಟ್ಟಿತ್ತು. ಕೆರೆಗೆ ಬಂದದ್ದು ಮಾತ್ರ ಒಂದೇ ಒಂದು ಆಂಟೆನಾ.

ಮಹಾಸ್ಫೋಟವಾಗಿ ಸುಮಾರು 18 ಕೋಟಿ ವರ್ಷ ಕಳೆದಿದ್ದ ಕಾಲ. ಆಗಷ್ಟೇ ಬೆಳಗಿದ ನಕ್ಷತ್ರಗಳ ಬೆಳಕು ತಗುಲಿ, ತಣ್ಣಗಿದ್ದ ಹೈಡ್ರೋಜನ್ ಅನಿಲ ಹಿನ್ನೆಲೆ ವಿಕಿರಣದಿಂದ 21 ಸೆಂ.ಮೀ. ಉದ್ದದ ತರಂಗವನ್ನು ಒಂದಿಷ್ಟು ಹೀರಿಕೊಳ್ಳಬೇಕು. ವಿಶ್ವ ಹಿಗ್ಗುತ್ತ ಬಂದಂತೆ ಆ ತರಂಗವೂ 18 ಪಟ್ಟು ಹಿಗ್ಗಿ ಇಂದು 78 ಮೆಗಾಹರ್ಟ್ಸ್ ಸುಮಾರಿಗೆ ಇಳಿದಿರುತ್ತದೆ. ನಮ್ಮ ಎಫ್‌ಎಂ ಶುರುವಾಗುವುದು 88ಕ್ಕೆ. ಅಂದರೆ ಹುಡುಕಾಟ ಸಿನಿಮಾ ಹಾಡುಗಳ ಪಕ್ಕದಲ್ಲೇ!

2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿದ್ದ ‘ಎಡ್ಜಸ್’ ಉಪಕರಣಕ್ಕೆ ಸರಿಯಾಗಿ ಆ 78 ಮೆಗಾಹರ್ಟ್ಸ್ ಬಳಿಯೇ ರೇಡಿಯೊ ಅಲೆಯ ಬಲದಲ್ಲಿ ಒಂದು ತಗ್ಗು ಕಂಡ ಸುದ್ದಿ ಬಂತು. ಲೆಕ್ಕಾಚಾರ ಹೇಳಿದ್ದಕ್ಕಿಂತ ಅದರ ಆಳ ದುಪ್ಪಟ್ಟಿಗೂ ಹೆಚ್ಚು. ಇದು ಡಾರ್ಕ್ ಮ್ಯಾಟರ್‌ನ ಕೈವಾಡವೇ ಎಂದು ಸಿದ್ಧಾಂತಿಗಳು ಪ್ರಬಂಧದ ಮೇಲೆ ಪ್ರಬಂಧ ಬರೆದರು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಅಷ್ಟು ಬೇಗ ಒಪ್ಪಲಿಲ್ಲ. ಅವರಿಗೆ ತಲೆನೋವಾಗಿದ್ದದ್ದು ಆಕಾಶಕ್ಕಿಂತ ಹೆಚ್ಚಾಗಿ ನೆಲ. ಆಂಟೆನಾದ ಕೆಳಗೆ ಒಣಮಣ್ಣು, ಹಸಿಮಣ್ಣು, ಬಂಡೆ ಎಂದು ಪದರ ಪದರವಾಗಿರುತ್ತದೆ. ಒಂದೊಂದು ಪದರವೂ ರೇಡಿಯೊ ಅಲೆಯನ್ನು ಒಂದೊಂದು ರೀತಿ ವಾಪಸು ಕಳಿಸಿ ಹುಸಿ ಏರಿಳಿತ ಹುಟ್ಟಿಸುತ್ತದೆ. ಹುಡುಕುತ್ತಿರುವುದೋ, ಆಕಾಶದ ಒಟ್ಟು ರೇಡಿಯೊ ಗದ್ದಲದಲ್ಲಿ ಸಾವಿರಾರು ಪಾಲಿನಲ್ಲಿ ಒಂದು ಪಾಲು. ಕೆರೆಯ ನೀರಿಗೆ ಇಂಥ ಪದರಗಳ ಕಾಟವಿಲ್ಲ, ಎಲ್ಲ ಕಡೆಯೂ ಒಂದೇ ಸಮ. ಹಾಗಾಗಿ 2020ರ ಮೊದಲ ತಿಂಗಳುಗಳಲ್ಲಿ ‘ಸಾರಸ್ 3’ ಎಂಬ ಶಂಕುವಿನಾಕಾರದ ಆಂಟೆನಾವನ್ನು ತೆಪ್ಪದ ಮೇಲೇರಿಸಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು.

ಫಲಿತಾಂಶ 2022ರ ಫೆಬ್ರವರಿಯಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಬಂತು. ಆಸ್ಟ್ರೇಲಿಯಾದಲ್ಲಿ ಕಂಡ ತಗ್ಗು ಇಲ್ಲಿ ಇರಲೇ ಇಲ್ಲ. ಶೇ. 95.3ರ ವಿಶ್ವಾಸದಲ್ಲಿ ಅದನ್ನು ತಳ್ಳಿಹಾಕಿದ್ದರು.

“ಹಂಗಾದ್ರೆ ಇವರಿಗೇನೂ ಸಿಗಲಿಲ್ಲ ಅಲ್ವಾ ಸಾರ್?” ಹುಡುಗನ ಮುಖ ಸಪ್ಪಗಾಯಿತು. ಅಲೀಪುರ ಹರಳಿನ ವ್ಯಾಪಾರದ ಊರು. ಹರಳಿನಲ್ಲಿ ಗೀರು ಕಂಡರೆ, ಅದು ಹರಳಿನದೋ ನೋಡುವ ಭೂತಗನ್ನಡಿಯದೋ ಎಂದು ಮೊದಲು ನೋಡುವುದಿಲ್ಲವೇನೋ ಎಂದೆ. ನಕ್ಕ. ನನ್ನನ್ನು ಕೇಳಿದರೆ, ಜಗತ್ತೇ ಕುಣಿಯುತ್ತಿದ್ದಾಗ ಇನ್ನೊಮ್ಮೆ ಅಳೆಯೋಣ ಎಂದು ತೆಪ್ಪ ಕಟ್ಟಲು ಹೆಚ್ಚು ಗುಂಡಿಗೆ ಬೇಕು. ಪತ್ರಿಕೆಗಳ ಮುಖಪುಟ ಇಂಥದ್ದಕ್ಕೆ ಸಿಗುವುದು ಕಡಿಮೆ, ಅಷ್ಟೆ.

ನಿಜವಾದ ಸಂಕೇತದ ಬೇಟೆ ನಿಂತಿಲ್ಲ. ಅದೇ ಸಂಸ್ಥೆಯವರು ಈಗ ‘ಪ್ರತುಷ್’ ಎಂಬ ಉಪಕರಣವನ್ನು ಚಂದ್ರನ ಸುತ್ತ ಕಳಿಸುವ ಯೋಜನೆ ಹಾಕಿದ್ದಾರೆ. ಚಂದ್ರನ ಹಿಂಬದಿಗೆ ಹೋದಾಗಲೆಲ್ಲ ಅದಕ್ಕೆ ನೆಲದ ಕಾಟವೂ ಇಲ್ಲ, ಭೂಮಿಯ ಎಫ್‌ಎಂ ಕಾಟವೂ ಇಲ್ಲ.