ಪೈಲಟ್‌ನ ಕಣ್ಣೆದುರಿನ ಗಾಜು

ವೇಗ, ಎತ್ತರ, ದಿಕ್ಕು, ಗುರಿ ಇವೆಲ್ಲವೂ ಯುದ್ಧವಿಮಾನದ ಪೈಲಟ್‌ಗೆ ತಲೆ ಬಗ್ಗಿಸದೆಯೇ ಕಾಣುವಂತೆ ಮಾಡುವ ಸಾಧನ ಹೆಡ್-ಅಪ್ ಡಿಸ್‌ಪ್ಲೇ, ಚಿಕ್ಕದಾಗಿ ‘ಹಡ್’. ಗಂಟೆಗೆ 900 ಕಿ.ಮೀ. ವೇಗದಲ್ಲಿರುವ ವಿಮಾನ ಸೆಕೆಂಡಿಗೆ 250 ಮೀಟರ್ ಸಾಗುತ್ತದೆ. ಮೀಟರುಗಳನ್ನು ಓದಲು ಎರಡು ಸೆಕೆಂಡು ತಲೆ ತಗ್ಗಿಸಿದರೆ ಅರ್ಧ ಕಿಲೋಮೀಟರ್ ದಾರಿ ನೋಡದೆಯೇ ಕಳೆದಿರುತ್ತದೆ. ಎರಡನೇ ಮಹಾಯುದ್ಧದ ಕಾಲದ ವಿಮಾನಗಳಲ್ಲಿ ಬಂದೂಕಿನ ಗುರಿ ಹಿಡಿಯಲು ಇದ್ದ ಗಾಜೇ ಬೆಳೆಯುತ್ತ ಬಂದು ಹಡ್ ಆಯಿತು. ಬೆಂಗಳೂರಿನ ಎಚ್‌ಎಎಲ್ ತಯಾರಿಸುವ ತೇಜಸ್ ವಿಮಾನಕ್ಕೆ ಇದನ್ನು ರೂಪಿಸಿದ್ದು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆ.

ಪೈಲಟ್‌ನ ಮುಂದೆ ಓರೆಯಾಗಿ ನಿಲ್ಲಿಸಿದ ಪಾರದರ್ಶಕ ಗಾಜಿನಲ್ಲಿ ಅಂಕಿ, ಗೆರೆಗಳು ಮೂಡುತ್ತವೆ. ಮಸೂರಗಳು ಬೆಳಕಿನ ಕಿರಣಗಳನ್ನು ಸಮಾಂತರಗೊಳಿಸುವುದರಿಂದ ಅವು ಗಾಜಿನ ಮೇಲಲ್ಲ, ಬಹುದೂರದಲ್ಲಿ ತೇಲುವಂತೆ ಕಾಣುತ್ತವೆ. ಹೀಗಾಗಿ ಕಣ್ಣು ಹತ್ತಿರಕ್ಕೊಮ್ಮೆ ದೂರಕ್ಕೊಮ್ಮೆ ನೋಟ ಹೊಂದಿಸಿಕೊಳ್ಳುವ ಶ್ರಮ ಕಡಿಮೆಯಾಗುತ್ತದೆ.

ಬಹಳಷ್ಟು ಹಡ್‌ಗಳ ಬಣ್ಣ ಹಸಿರು. ಹಗಲಿನಲ್ಲಿ ಮನುಷ್ಯನ ಕಣ್ಣು ಅತಿ ಚುರುಕಾಗಿ ಗ್ರಹಿಸುವುದು ಸುಮಾರು 555 ನ್ಯಾನೋಮೀಟರ್ ತರಂಗಾಂತರದ ಹಸಿರನ್ನು. ಬಿಸಿಲು ಬಿದ್ದ ಮೋಡದ ಎದುರಿನಲ್ಲೂ ಗೆರೆ ಮಸುಕಾಗಬಾರದು. ರಾತ್ರಿ ಅದೇ ಗೆರೆಯ ಬೆಳಕು ಹೊರಗಿನ ಮಂದ ದೃಶ್ಯವನ್ನು ನುಂಗಬಾರದು. ಆದ್ದರಿಂದ ಪ್ರಖರತೆಯನ್ನು ಹೆಚ್ಚು-ಕಡಿಮೆ ಮಾಡುವ ವ್ಯವಸ್ಥೆ ಬೇಕೇಬೇಕು.

ಒಂದೇ ಬಣ್ಣವಿದ್ದಾಗ ಅರ್ಥ ಹೇಳಬೇಕಾದದ್ದು ಆಕಾರ. ದಿಗಂತಕ್ಕಿಂತ ಮೇಲಿನ ಕೋನಗಳಿಗೆ ಅಖಂಡ ಗೆರೆ, ಕೆಳಗಿನವಕ್ಕೆ ತುಂಡುಗೆರೆ ಬಳಸುವುದು ರೂಢಿ. ವಿಮಾನ ತಲೆಕೆಳಗಾಗಿ ಪೈಲಟ್‌ಗೆ ದಿಕ್ಕು ತಪ್ಪಿದಾಗ ನೆಲ ಯಾವ ಕಡೆಗಿದೆ ಎಂದು ಈ ವ್ಯತ್ಯಾಸವೇ ತಿಳಿಸಬೇಕು. ರೆಕ್ಕೆ ಹಚ್ಚಿದ ಪುಟ್ಟ ವೃತ್ತವೊಂದು, ಮೂತಿ ಎತ್ತ ತಿರುಗಿದೆ ಎಂಬುದನ್ನಲ್ಲ, ವಿಮಾನ ನಿಜಕ್ಕೂ ಎತ್ತ ಸಾಗುತ್ತಿದೆ ಎಂಬುದನ್ನು ತೋರಿಸುತ್ತದೆ. ಅಂಕಿಗಳಿಂದ ಎತ್ತರ ಕರಾರುವಾಕ್ಕಾಗಿ ತಿಳಿಯುತ್ತದೆ. ಆದರೆ ಅವು ಸರಸರನೆ ಬದಲಾಗುವಾಗ ಏರಿಕೆಯೋ ಇಳಿಕೆಯೋ ಎಂಬುದು ಥಟ್ಟನೆ ಹೊಳೆಯುವುದಿಲ್ಲ. ಅದಕ್ಕೆ ಜೊತೆಯಲ್ಲಿ ಸರಿಯುವ ಪಟ್ಟಿಯನ್ನೋ ಮುಳ್ಳನ್ನೋ ಇಡುತ್ತಾರೆ.

ಇಷ್ಟೆಲ್ಲ ಸರಿಯಿದ್ದರೂ ಕಣ್ಣಿಗೆ ಬಿದ್ದದ್ದೆಲ್ಲ ಗಮನಕ್ಕೆ ಬರುವುದಿಲ್ಲ. ಅಮೆರಿಕದ ನಾಸಾ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರಯಾಣಿಕ ವಿಮಾನಗಳ ಎಂಟು ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ ಹಡ್ ನೋಡುತ್ತ ಇಳಿದರು. ರನ್‌ವೇಗೆ ಅಡ್ಡವಾಗಿ ಇನ್ನೊಂದು ವಿಮಾನವನ್ನು ತೋರಿಸಿದಾಗ ಅವರಲ್ಲಿ ಇಬ್ಬರಿಗೆ ಅದು ಕಾಣಲೇ ಇಲ್ಲ. ಕಣ್ಣು ರನ್‌ವೇ ಕಡೆಗೇ ಇತ್ತು, ಮನಸ್ಸು ಗೆರೆಗಳಲ್ಲಿ ಸಿಕ್ಕಿಕೊಂಡಿತ್ತು.

ಈ ತೊಂದರೆಗೆ ವಿನ್ಯಾಸಕಾರರು ಎರಡು ಬಗೆಯ ಪರಿಹಾರ ಕಂಡುಕೊಂಡಿದ್ದಾರೆ. ಮೊದಲನೆಯದು, ಆಯಾ ಹಂತಕ್ಕೆ ಬೇಕಾದ ಮಾಹಿತಿಯನ್ನಷ್ಟೇ ತೋರಿಸಿ, ಉಳಿದದ್ದನ್ನು ಪೈಲಟ್ ಒಂದು ಸ್ವಿಚ್ಚಿನಿಂದ ಅಳಿಸುವಂತೆ ಮಾಡುವುದು. ಎರಡನೆಯದು, ಚಿಹ್ನೆಗಳನ್ನು ಹೊರಗಿನ ದೃಶ್ಯಕ್ಕೇ ಅಂಟಿಸಿದಂತೆ ಚಲಿಸಲು ಬಿಡುವುದು. ರನ್‌ವೇಯ ಅಂಚಿನ ಮೇಲೆಯೇ ಕೂತ ಗೆರೆಯನ್ನು ನೋಡುವವನು ರನ್‌ವೇಯನ್ನೂ ನೋಡುತ್ತಿರುತ್ತಾನೆ.