ಕಡಲಾಚೆಯ ದುಡಿಮೆ, ಕಡಲಂಚಿನ ಲೆಕ್ಕ

ಕರಾವಳಿಯ ಜನ ಊರು ಬಿಟ್ಟು ಬದುಕು ಕಟ್ಟಿಕೊಂಡದ್ದು ಹೊಸ ಸಂಗತಿಯೇನಲ್ಲ. ಹಿಂದೆ ಮುಂಬೈಯ ಹೋಟೆಲುಗಳು, ಬಳಿಕ ಕೊಲ್ಲಿ ರಾಷ್ಟ್ರಗಳ ಕಚೇರಿಗಳು, ಈಗ ಸಿಂಗಪುರ, ಟೋಕಿಯೊಗಳ ತಂತ್ರಾಂಶ ಸಂಸ್ಥೆಗಳು. ಉಡುಪಿ, ಕಾಪು, ಕಾರ್ಕಳಗಳ ಮನೆಗಳಲ್ಲಿ ಎಂಜಿನಿಯರಿಂಗ್ ಮುಗಿಸಿದ ಮಕ್ಕಳಿಗೆ ಎದುರಾಗುವ ಮೊದಲ ಪ್ರಶ್ನೆ ಇಂದಿಗೂ 'ಎಲ್ಲಿಗೆ?' ಎಂಬುದೇ. ಹೋದಲ್ಲಿ ಕಟ್ಟಿದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಅಷ್ಟಾಗಿ ಕೇಳುವುದಿಲ್ಲ.

ಕಾಪುವಿನಲ್ಲಿ ಹುಟ್ಟಿ ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿದ ಬಿ.ಆರ್. ಶೆಟ್ಟಿಯವರು 1973ರಲ್ಲಿ ಅಬುಧಾಬಿಗೆ ತೆರಳಿದರು. ಔಷಧ ಮಾರಾಟ ಪ್ರತಿನಿಧಿಯಾಗಿ ದುಡಿದು, 1975ರಲ್ಲಿ ಎನ್‌ಎಂಸಿ ಎಂಬ ಪುಟ್ಟ ಚಿಕಿತ್ಸಾಲಯ ತೆರೆದರು. 2012ರಲ್ಲಿ ಅದರ ಷೇರುಗಳು ಲಂಡನ್ ಷೇರುಪೇಟೆಯಲ್ಲಿ ನೋಂದಾಯಿತವಾದವು. ಕರಾವಳಿಯ ಪ್ರತಿ ಮನೆಯಲ್ಲೂ ಹೆಮ್ಮೆಯಿಂದ ಹೇಳಿಕೊಳ್ಳುವಂಥ ಕಥೆ ಅದು. ಆದರೆ 2019ರ ಡಿಸೆಂಬರಿನಲ್ಲಿ ಮಡ್ಡಿ ವಾಟರ್ಸ್ ಎಂಬ ಅಮೆರಿಕದ ಹೂಡಿಕೆ ಸಂಸ್ಥೆ ಎನ್‌ಎಂಸಿಯ ಲೆಕ್ಕಪತ್ರಗಳನ್ನು ಪ್ರಶ್ನಿಸಿತು. ಪುಸ್ತಕಗಳಲ್ಲಿ ಕಾಣಿಸದ 400 ಕೋಟಿ ಡಾಲರಿಗೂ ಮೀರಿದ ಸಾಲ ಬೆಳಕಿಗೆ ಬಂತು. 2020ರ ಏಪ್ರಿಲಿನಲ್ಲಿ ಸಂಸ್ಥೆ ಆಡಳಿತಾಧಿಕಾರಿಗಳ ವಶವಾಯಿತು. ವಂಚನೆಗೊಳಗಾದವರು ತಾವೇ ಎಂಬುದು ಶೆಟ್ಟಿಯವರ ವಾದ. ವಿವಾದ ಹಲವು ದೇಶಗಳ ನ್ಯಾಯಾಲಯಗಳ ಮೆಟ್ಟಿಲೇರಿದೆ. ತಪ್ಪು ಯಾರದೇ ಇರಲಿ, ಆಸ್ಪತ್ರೆಗಳು ಉಳಿದವು, ಕಟ್ಟಿದವರ ಕೈಯಲ್ಲಿ ಉಳಿಯಲಿಲ್ಲ.

ಲೆಕ್ಕದ ಶಿಸ್ತು ಈ ನೆಲಕ್ಕೆ ಅಪರಿಚಿತವಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಲ್ಲೇ ಸಂಗ್ರಹಿಸಿ ಲೆಕ್ಕಕ್ಕಿಡುವ ಪದ್ಧತಿಯದು. ಅದರ ಸ್ಥಾಪಕರಲ್ಲೊಬ್ಬರಾದ ಟಿ.ಎಂ.ಎ. ಪೈಯವರೇ ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜನ್ನೂ 1957ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ಕಟ್ಟಿದರು. ಮಣಿಪಾಲದ ಶಿಕ್ಷಣ ಮುಂದೆ 1994ರಲ್ಲಿ ನೇಪಾಳದ ಪೋಖರಾಕ್ಕೆ, 1997ರಲ್ಲಿ ಮಲೇಷ್ಯಾದ ಮಲಕ್ಕಾಕ್ಕೆ, 2000ದಲ್ಲಿ ದುಬೈಗೆ ಕಾಲಿಟ್ಟಿತು. ಸಿಂಡಿಕೇಟ್ ಬ್ಯಾಂಕ್ ಮಾತ್ರ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಎನ್‌ಎಂಸಿ ಕೈತಪ್ಪಿದ 2020ರ ಏಪ್ರಿಲಿನಲ್ಲೇ ಇದೂ ನಡೆದದ್ದು ಕಾಕತಾಳೀಯ.

ಹೊರಗೆ ಹೋಗದೆಯೂ ಹೊರಜಗತ್ತಿಗೆ ದುಡಿಯಬಹುದೆಂಬುದಕ್ಕೆ ರೊಬೊಸಾಫ್ಟ್ ನಿದರ್ಶನ. 1996ರಲ್ಲಿ ರೋಹಿತ್ ಭಟ್ ಉಡುಪಿಯಲ್ಲಿ ಆರಂಭಿಸಿದ ಈ ತಂತ್ರಾಂಶ ಸಂಸ್ಥೆಯನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೊ ಖರೀದಿಸಿತು. ಒಡೆತನ ಪರದೇಶಕ್ಕೆ ಹೋಯಿತೆಂದು ಕೊರಗುವವರಿರಬಹುದು. ಆದರೆ ಬೇರೆ ದೇಶದ ಕಂಪನಿ ಹಣ ಹೂಡುವ ಮುನ್ನ ಗುತ್ತಿಗೆ, ತೆರಿಗೆ, ಸಾಲ ಎಲ್ಲವನ್ನೂ ಜಾಲಾಡುತ್ತದೆ. ಆ ಪರೀಕ್ಷೆಯನ್ನು ಎದುರಿಸಬಲ್ಲ ಉದ್ಯಮ ಸಣ್ಣ ಪಟ್ಟಣದಲ್ಲೂ ಬೆಳೆಯಬಲ್ಲದು ಎಂಬುದೇ ಇಲ್ಲಿನ ಪಾಠ.

ಬರಿಗೈಯಲ್ಲಿ ಹೊರಟವನಿಗೆ ಮೊದಲು ಬೇಕಾದದ್ದು ಧೈರ್ಯ, ಲೆಕ್ಕಪರಿಶೋಧನೆಯಲ್ಲ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅನ್ಯರ ಹಣ ಕೈಗೆ ಬಂದ ದಿನದಿಂದ ಧೈರ್ಯವೊಂದೇ ಸಾಲದು. ಮಣಿಪಾಲದಲ್ಲಾಗಲಿ, ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಾಗಲಿ ಓದುವ ಭಾವೀ ಎಂಜಿನಿಯರುಗಳು ಸಂಕೇತ ಬರೆಯುವುದರ ಜೊತೆಗೆ ಜಮಾ ಖರ್ಚಿನ ಪಟ್ಟಿ ಓದುವುದನ್ನೂ, ಸಹಿ ಹಾಕುವ ಮುನ್ನ ಕಾಗದವನ್ನು ಪರಿಶೀಲಿಸುವುದನ್ನೂ ಕಲಿಯಬೇಕು. ಎರಡಾಣೆಗೂ ಲೆಕ್ಕವಿಟ್ಟ ಊರಿನವರಿಗೆ ಇದು ಹೊಸ ವಿದ್ಯೆಯೇನೂ ಆಗಲಾರದು.